ಮೊದಲ ದಿನ ಕಾಲಿನದು

ಒಬ್ಬರೇ ಊರು ಸುತ್ತಲು ಹೊರಟವರನ್ನು ನಮ್ಮ ಜನ ಅಷ್ಟು ಸುಲಭವಾಗಿ ನಂಬುವುದಿಲ್ಲ. ಕಾಶಿಗೆ ಒಬ್ಬರೇ ಹೋದರೆ ವೈರಾಗ್ಯ, ಬೆಂಗಳೂರಿಗೆ ಒಬ್ಬರೇ ಹೋದರೆ ಕೋರ್ಟು ಕೆಲಸ. ಯುರೋಪಿಗೆ, ಅದೂ ಸುಮ್ಮನೆ ನೋಡಿಕೊಂಡು ಬರಲು ಒಬ್ಬರೇ ಅಂದರೆ ಮನೆಯಲ್ಲಿ ಏನೋ ಮಾತು ಬಂದಿದೆ ಅಂತಲೇ ಲೆಕ್ಕ. "ಟೂರು ಪ್ಯಾಕೇಜಿನಲ್ಲಿ ಹೋಗಿದ್ದರೆ ಇದೇ ದುಡ್ಡಿಗೆ ಒಂಬತ್ತು ದೇಶ ಆಗುತ್ತಿತ್ತಲ್ರೀ, ಅಡುಗೆಯವರೂ ಜೊತೆಗೆ ಬರ್ತಾರೆ" ಎಂದು ಪಕ್ಕದ ಮನೆಯವರು ನನ್ನ ಪರವಾಗಿ ನೊಂದುಕೊಂಡರು. ಒಂಬತ್ತು ದೇಶ ಬಿಟ್ಟು ಒಂದೇ ಊರು, ಅದೂ ಲಂಡನ್ನೂ ಅಲ್ಲ ಪ್ಯಾರಿಸ್ಸೂ ಅಲ್ಲ, ಲಿಸ್ಬನ್. ಅಲ್ಲಿ ಏನಿದೆ ಎಂದು ಕೇಳಿದರು. ನಮ್ಮದೇ ಮೆಣಸು ಹೋದ ಊರು ಎಂದೆ. ಈ ಉತ್ತರದಿಂದ ಅವರ ಅನುಮಾನ ಇನ್ನಷ್ಟು ಬಲವಾಯಿತು.

ಪ್ಯಾಕೇಜಿನ ಸುಖ ನನಗೆ ಗೊತ್ತಿಲ್ಲದ್ದೇನಲ್ಲ. ತಲೆ ಎಣಿಸುವವನೊಬ್ಬ ಕೊಡೆ ಎತ್ತಿಕೊಂಡು ಮುಂದೆ ಹೋಗುತ್ತಾನೆ. ಅವನು ನಿಂತಲ್ಲಿ ನಿಲ್ಲುವುದು, ತೋರಿಸಿದ್ದನ್ನು ನೋಡುವುದು, ಹತ್ತು ನಿಮಿಷ ಫೋಟೊ, ಐದು ನಿಮಿಷ ಶೌಚಾಲಯ. ಈಗ ನೋಡಿದ್ದು ಯಾವ ಊರು ಎಂದು ಬಸ್ಸು ಹತ್ತಿದ ಮೇಲೆ ಪಕ್ಕದವರನ್ನು ಕೇಳಿ ತಿಳಿದುಕೊಳ್ಳಬಹುದು. ಒಂಟಿಯಾಗಿ ಹೋದವರಿಗೆ ಈ ಸೌಕರ್ಯಗಳಿಲ್ಲ. ಆದರೆ ಬಂದ ದಾರಿಗೇ ಮತ್ತೆ ಮತ್ತೆ ಬಂದರೂ, ಒಂದು ಕಟ್ಟೆಯ ಮೇಲೆ ಮುಕ್ಕಾಲು ಗಂಟೆ ಕೂತರೂ ಯಾಕೆ ಎಂದು ಕೇಳುವವರಿಲ್ಲ. ಈ ಸ್ವಾತಂತ್ರ್ಯದ ಪೂರಾ ರುಚಿ ಸಿಗಬೇಕಾದರೆ ಮೊದಲ ದಿನ ನೋಡತಕ್ಕ ಸ್ಥಳ ಯಾವುದನ್ನೂ ನೋಡಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಲೇಂ ಗೋಪುರ 500 ವರ್ಷದಿಂದ ನದಿಯಲ್ಲಿ ಕಾಲಿಟ್ಟುಕೊಂಡು ನಿಂತಿದೆ, ನಾಳೆಯೂ ಅಲ್ಲೇ ಇರುತ್ತದೆ. ಬೆಂಗಳೂರಿನಿಂದ ಲಿಸ್ಬನ್ನಿಗೆ ನೇರ ವಿಮಾನ ಇಲ್ಲ. ಕೊಲ್ಲಿ ದೇಶದ ನಿಲ್ದಾಣವೊಂದರಲ್ಲಿ ನಡುರಾತ್ರಿ ಕುರ್ಚಿಯ ಮೇಲೆ ತೂಕಡಿಸಿ, ಸುಗಂಧದ ಅಂಗಡಿಗಳ ದೀಪಕ್ಕೆ ಕಣ್ಣು ಕುಕ್ಕಿಸಿಕೊಂಡು ಬಂದವರಿಗೆ ಎಂಥ ಶಿಲ್ಪ ತೋರಿಸಿದರೂ ಒಳಗೆ ಇಳಿಯುವುದಿಲ್ಲ. ಎಚ್ಚರವಾಗಿರುವುದು ಕಾಲು ಮಾತ್ರ. ಅಷ್ಟು ಹೊತ್ತು ಮಡಿಸಿಟ್ಟ ಸಿಟ್ಟು ಅದಕ್ಕಿರುತ್ತದೆ. ಹಾಗಾಗಿ ಮೊದಲ ದಿನವನ್ನು ಕಾಲಿಗೆ ಬಿಟ್ಟುಕೊಡಬೇಕು.

ಲಿಸ್ಬನ್ನಿನ ವಿಮಾನ ನಿಲ್ದಾಣ ಊರೊಳಗೇ ಇದೆ. ಕೆಂಪು ಮಾರ್ಗದ ಮೆಟ್ರೊ ಹತ್ತಿ, ಅಲಮೇಡದಲ್ಲಿ ಇಳಿದು ಹಸಿರು ಮಾರ್ಗ ಹಿಡಿದರೆ ಹಳೇ ಊರಿನ ನಟ್ಟನಡುವೆ ತಂದು ಬಿಡುತ್ತದೆ. ಸರಿಯಾಗಿ ಕೆಲಸ ಮಾಡುವ ವ್ಯವಸ್ಥೆಯ ಬಗ್ಗೆ ಹರಟುವುದು ಕಷ್ಟ, ಮುಂದೆ ಹೋಗೋಣ.

ರೊಸ್ಸಿಯು ಎಂಬ ಚೌಕದಲ್ಲಿ ನೆಲದಡಿಯಿಂದ ಮೇಲೆ ಬಂದು ಸೂಟ್‌ಕೇಸು ಎಳೆದದ್ದೇ ತಡ, ಕಟಕಟಕಟ ಎಂದು ಸದ್ದು ಶುರುವಾಯಿತು. ನೋಡಿದರೆ ಎಲ್ಲ ಕಡೆಯಿಂದಲೂ ಅದೇ ಸದ್ದು, ಎಲ್ಲರ ಚಕ್ರದ್ದೂ ಅದೇ ಗೋಳು. ಇಲ್ಲಿ ಕಾಲುದಾರಿಗೆ ಕಾಂಕ್ರೀಟೂ ಇಲ್ಲ, ಚಪ್ಪಡಿಯೂ ಇಲ್ಲ. ಅಂಗೈಯೊಳಗೆ ಹಿಡಿಸುವಷ್ಟು ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಕೈಯಲ್ಲಿ ಕೂರಿಸಿದ್ದಾರೆ. ಬಿಳಿಯದು ಸುಣ್ಣಕಲ್ಲು, ನಡುನಡುವೆ ಕಪ್ಪು ಕಲ್ಲಿನ ಚಿತ್ತಾರ. ರೊಸ್ಸಿಯುವಿನ ಚಿತ್ತಾರ ಸಮುದ್ರದ ಅಲೆಗಳದ್ದು, 1848-49ರಲ್ಲಿ ಹಾಸಿದ್ದು. ನೆಲ ಸಮತಟ್ಟಾಗಿಯೇ ಇದೆ, ಆದರೆ ನಿದ್ದೆಗೆಟ್ಟ ಕಣ್ಣಿಗೆ ಇಡೀ ಚೌಕ ಏಳುತ್ತದೆ, ಬೀಳುತ್ತದೆ. ಇಂಗ್ಲಿಷ್ ನಾವಿಕರು ಇದನ್ನು ಹೊಯ್ದಾಡುವ ಚೌಕ ಎಂದು ಕರೆಯುತ್ತಿದ್ದರಂತೆ. ಅವರು ಹಡಗಿನಿಂದ ಇಳಿದು ನೇರವಾಗಿ ಹೆಂಡದಂಗಡಿಗೆ ಹೋಗಿ ಇಲ್ಲಿಗೆ ಬರುತ್ತಿದ್ದವರಾದ್ದರಿಂದ ಪೂರಾ ತಪ್ಪನ್ನು ಕಲ್ಲಿನ ಮೇಲೆ ಹೊರಿಸುವಂತಿಲ್ಲ. ಇದೇ ಅಲೆಯನ್ನು ಆಮೇಲೆ ರಿಯೊ ನಗರದ ಕೊಪಕಬಾನ ತೀರದಲ್ಲೂ ಹಾಸಿದರು.

ಉಳಿಯುವ ಜಾಗದಲ್ಲಿ ರೂಮು ಮೂರು ಗಂಟೆಗೆ ಎಂದರು. ಆಗ ಬೆಳಿಗ್ಗೆ ಒಂಬತ್ತೂವರೆ. ಜಗತ್ತಿನ ಯಾವ ಮೂಲೆಗೆ ಹೋದರೂ ಈ ಮೂರು ಗಂಟೆ ತಪ್ಪಿದ್ದಲ್ಲ, ಎಲ್ಲ ಹೋಟೆಲಿನವರೂ ಒಂದು ಕಡೆ ಕೂತು ತೀರ್ಮಾನಿಸಿದಂತಿದೆ. ಸೂಟ್‌ಕೇಸು ಅವರ ಮೂಲೆಗೆ ತಳ್ಳಿ ಹೊರಬಿದ್ದೆ.

ಒಂದು ಅಡ್ಡರಸ್ತೆಯಲ್ಲಿ ಕಲ್ಲು ಹಾಸುವ ಕೆಲಸ ನಡೆದಿತ್ತು. ನನಗೆ ಅದಕ್ಕಿಂತ ಹೆಚ್ಚಿನ ಪ್ರೇಕ್ಷಣೀಯ ಸ್ಥಳ ಬೇಕಿರಲಿಲ್ಲ. ಗಿಡ್ಡ ಮಣೆಯ ಮೇಲೆ ಕೂತ ಮನುಷ್ಯ ಪಕ್ಕದ ರಾಶಿಯಿಂದ ಕಲ್ಲೊಂದನ್ನು ಎಡಗೈಗೆ ತೆಗೆದುಕೊಳ್ಳುತ್ತಾನೆ, ಅಂಗೈಯಲ್ಲೇ ತಿರುಗಿಸಿ ಸುತ್ತಿಗೆಯಿಂದ ಎರಡು ಏಟು ಹಾಕುತ್ತಾನೆ. ಚಕ್ಕೆ ಹಾರುತ್ತದೆ. ಕಲ್ಲುಪುಡಿಯ ಹಾಸಿನ ಮೇಲೆ ಖಾಲಿ ಇದ್ದ ಜಾಗಕ್ಕೆ ಇಡುತ್ತಾನೆ, ಸುತ್ತಿಗೆಯ ಇನ್ನೊಂದು ಬದಿಯಿಂದ ತಟ್ಟುತ್ತಾನೆ. ಅಳತೆಪಟ್ಟಿ ಹತ್ತಿರದಲ್ಲೆಲ್ಲೂ ಇಲ್ಲ. ಕಲ್ಲು ಕೂರದಿದ್ದರೆ ಬೈಯುವುದಿಲ್ಲ, ಪಕ್ಕಕ್ಕಿಟ್ಟು ಇನ್ನೊಂದು ತೆಗೆಯುತ್ತಾನೆ. ಸ್ವಲ್ಪ ಹೊತ್ತಿಗೆ ಪಕ್ಕಕ್ಕಿಟ್ಟ ಕಲ್ಲಿಗೂ ಅದರ ಜಾಗ ಸಿಗುತ್ತದೆ. ನಾನು ನೋಡುತ್ತ ನಿಂತದ್ದನ್ನು ಕಂಡು ನನ್ನ ಬೂಟಿನ ಅಟ್ಟೆಯ ಕಡೆ ಬೆರಳು ಮಾಡಿದ, ಅಂಗೈಯನ್ನು ಸೊಯ್ಯನೆ ಜಾರಿಸಿ ತೋರಿಸಿದ, ತಲೆ ಅಲ್ಲಾಡಿಸಿದ. ಮಳೆ ಬಂದರೆ ನಿನ್ನ ಕಥೆ ಮುಗಿಯಿತು ಎಂದರ್ಥ. ಲಕ್ಷಾಂತರ ಕಾಲು ಸವೆಸಿ ಸವೆಸಿ ಈ ಕಲ್ಲು ನುಣುಪಾಗಿಬಿಟ್ಟಿದೆ, ಇಳಿಜಾರಿನಲ್ಲಿ ಮುದುಕರು ಬೀಳುತ್ತಾರೆ, ತೆಗೆದುಹಾಕಿ ಎನ್ನುವವರಿಗೂ ಉಳಿಸಿ ಎನ್ನುವವರಿಗೂ ಈ ಊರಿನಲ್ಲಿ ಮುಗಿಯದ ಜಗಳ ಇದೆ. ಬೀಳುವ ವಯಸ್ಸು ನನಗೆ ಹತ್ತಿರವಾಗಿದ್ದರೂ ನನ್ನ ಮತ ಉಳಿಸುವವರಿಗೇ.

ಈ ಹಾಸು ಶುರುವಾದ ಕಥೆ ಸೊಗಸಾಗಿದೆ. 1842ರಲ್ಲಿ ಗುಡ್ಡದ ಮೇಲಿನ ಸಾವ್ ಜೋರ್ಜ್ ಕೋಟೆಯ ಅಧಿಕಾರಿಯಾಗಿದ್ದ ಫುರ್ತಾದು ಎಂಬಾತ ಜೈಲಿನ ಕೈದಿಗಳ ಕೈಯಲ್ಲಿ ಕೋಟೆಯ ಅಂಗಳಕ್ಕೆ ಕಪ್ಪು ಬಿಳುಪಿನ ಅಂಕುಡೊಂಕು ಪಟ್ಟೆ ಹಾಕಿಸಿದ. ಜನ ಅದನ್ನು ನೋಡುವುದಕ್ಕೆಂದೇ ಗುಡ್ಡ ಹತ್ತಿ ಬಂದರು. ಆಮೇಲೆ ಅವನಿಗೇ ರೊಸ್ಸಿಯುವಿನ ಕೆಲಸ ಸಿಕ್ಕಿತು. 1986ರಲ್ಲಿ ನಗರಸಭೆ ಈ ಕಸುಬಿಗೆ ಒಂದು ಶಾಲೆಯನ್ನೂ ತೆರೆದಿದೆ. ಆದರೆ ಇಡೀ ದಿನ ಕುಕ್ಕರಗಾಲಲ್ಲಿ ಕೂರಲು ಯಾವ ಹುಡುಗರಿಗೆ ಇಷ್ಟ?

ರೊಸ್ಸಿಯುವಿನ ಮಗ್ಗುಲಲ್ಲೇ ಸಾವ್ ದೊಮಿಂಗೊಸ್ ಎಂಬ ಚರ್ಚು. ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಇದಕ್ಕೆ ದೊಡ್ಡ ಜಾಗ ಇಲ್ಲ, ಬಾಗಿಲು ತೆರೆದಿತ್ತು, ಒಳಗೆ ತಂಪಿತ್ತು, ಹೋದೆ. 1755ರ ಭೂಕಂಪದಲ್ಲಿ ಬಿದ್ದದ್ದನ್ನು ಮತ್ತೆ ಕಟ್ಟಿದ್ದರು, 1959ರಲ್ಲಿ ಬೆಂಕಿ ಬಿತ್ತು. ಮಾಡು ಹೊಸದಾಗಿ ಹಾಕಿದರು, ಕಂಬಗಳನ್ನು ಮಾತ್ರ ಹಾಗೇ ಬಿಟ್ಟರು. ಕಾದು ಸೀಳಿ ಸಿಪ್ಪೆ ಎದ್ದ ಕಲ್ಲಿನ ಕಂಬಗಳು. ಬೆರಳಿಟ್ಟರೆ ಒಳಕ್ಕೆ ಹೋಗುವಷ್ಟು ಆಳದ ಬಿರುಕು. ಗಾರೆ ಮೆತ್ತಿ ಬಣ್ಣ ಹೊಡೆಯುವ ಆಸೆಯನ್ನು ತಡೆದುಕೊಂಡ ಪುಣ್ಯಾತ್ಮರು ಯಾರೋ, ಅಂಥವರನ್ನು ನಮ್ಮ ದೇವಸ್ಥಾನಗಳ ಜೀರ್ಣೋದ್ಧಾರ ಸಮಿತಿಗಳಿಗೆ ಎರವಲು ತರಬೇಕು.

ಈ ಚರ್ಚಿನ ಪಾಪ ಬೆಂಕಿಗಿಂತ ಹಳೆಯದು. 1497ರಲ್ಲಿ ಪೋರ್ಚುಗಲ್ಲಿನ ಯೆಹೂದಿಗಳನ್ನೆಲ್ಲ ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಿದ್ದರು. 1506ರ ಏಪ್ರಿಲ್‌ನಲ್ಲಿ, ಬರಗಾಲ ಪ್ಲೇಗುಗಳ ನಡುವೆ, ಇಲ್ಲಿಯ ಶಿಲುಬೆಯ ಮೇಲೆ ಬೆಳಕು ಮೂಡಿತು, ಪವಾಡ ಎಂದರು ಜನ. ದೀಪದ ಬೆಳಕು ಇರಬೇಕು ಎಂದ ಹೀಗೆ ಮತಾಂತರಗೊಂಡ ಒಬ್ಬ. ಅವನನ್ನು ಹೊರಗೆಳೆದು ಕೊಂದರು. ಕೊಲೆ ಅಲ್ಲಿಗೆ ನಿಲ್ಲಲಿಲ್ಲ, ಮೂರು ದಿನದಲ್ಲಿ ಸತ್ತವರು ಸುಮಾರು 2,000 ಅಥವಾ ಅದಕ್ಕೂ ಹೆಚ್ಚು. ಹೊರಗಿನ ಅಂಗಳದಲ್ಲಿ ಅವರ ನೆನಪಿಗೆ ಈಗ ಒಂದು ಕಲ್ಲಿದೆ. ಅದರಿಂದ ನಾಲ್ಕು ಹೆಜ್ಜೆಗೆ ಜಿಂಜಿನ್ಯ ಎಂಬ ಚೆರಿಹಣ್ಣಿನ ಮದ್ಯದ ಗೂಡಂಗಡಿ. ಹಣ್ಣು ಹಾಕಲೋ ಬೇಡವೋ ಎಂಬುದೊಂದೇ ಅಲ್ಲಿ ಕೇಳುವ ಪ್ರಶ್ನೆ. ಕುಡಿದವರು ಬೀಜ ಉಗುಳುತ್ತ ಬಿಸಿಲು ಕಾಯುತ್ತಾರೆ.

ಇಲ್ಲಿ ಕೂತಾಗ ನನಗೆ ಗಾಸ್ಪರ್ ನೆನಪಾದ. ವಾಸ್ಕೊ ಡ ಗಾಮ ಕಲ್ಲಿಕೋಟೆಯಿಂದ ವಾಪಸು ಹೊರಟವನು 1498ರಲ್ಲಿ ಹಡಗು ರಿಪೇರಿಗೆಂದು ನಿಂತದ್ದು ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ. ಅಲ್ಲಿಗೆ ಒಬ್ಬ ಬಿಳಿ ಮನುಷ್ಯ ಬಂದು ಮಾತಾಡಿಸಿದ. ಯೆಹೂದಿ, ಎಷ್ಟೋ ದೇಶ ಸುತ್ತಿ ಗೋವೆಯ ಆಡಳಿತಗಾರನ ಸೇವೆಯಲ್ಲಿ ನೆಲೆ ನಿಂತಿದ್ದವನು. ಗೂಢಚಾರ ಎಂದು ಅನುಮಾನಿಸಿ ಹಿಡಿದು ಹೊಡೆದರು, ಜ್ಞಾನಸ್ನಾನ ಮಾಡಿಸಿ ಗಾಸ್ಪರ್ ಡ ಗಾಮ ಎಂದು ಹೆಸರಿಟ್ಟರು, 1499ರಲ್ಲಿ ಲಿಸ್ಬನ್ನಿಗೆ ತಂದಿಳಿಸಿದರು. ಕಾರವಾರದ ಕಡಲಿನಿಂದ ಒಬ್ಬಂಟಿಯಾಗಿ ಈ ಊರಿಗೆ ಬಂದು ಮೊದಲ ದಿನ ಕಳೆದವರಲ್ಲಿ ನನಗೆ ಗೊತ್ತಿರುವ ಹಿರಿಯ ಇವನೇ. ತನ್ನವರನ್ನೆಲ್ಲ ಎರಡು ವರ್ಷದ ಹಿಂದೆ ನೀರೆರಚಿ ಮತ ಬದಲಿಸಿದ ಊರಿನಲ್ಲಿ, ತಾನೂ ಹಾಗೇ ಬದಲಾಗಿ ಇಳಿದವನು ಮೊದಲು ಯಾರ ಮುಖ ನೋಡಿದನೋ. ಬುದ್ಧಿವಂತ, ಬಹುಭಾಷೆ ಬಲ್ಲವ, ಬದುಕಿಕೊಂಡ. ರಾಜ ಮನುಯೆಲ್ ವರ್ಷಾಶನ ಕೊಟ್ಟ. 1500ರಲ್ಲಿ ಇಂಡಿಯಾಕ್ಕೆ ಹೊರಟ ಕಬ್ರಾಲ್ ಎಂಬ ನಾಯಕನ ಹಡಗುಗಳಲ್ಲಿ ದುಭಾಷಿಯಾಗಿ ಸೇರಿ, ದಾರಿಯಲ್ಲಿ ಬ್ರೆಜಿಲನ್ನೂ ನೋಡಿಕೊಂಡು, ಮತ್ತೆ ಕಲ್ಲಿಕೋಟೆಗೆ ಬಂದ. ಅವನಿಗೆ ರೂಮು ಮೂರು ಗಂಟೆಗೆ ಎಂದು ಹೇಳುವವರೂ ಇರಲಿಲ್ಲ.

ಹೊಟ್ಟೆ ಕರೆಯಿತು. ಲಿಸ್ಬನ್ನಿನ ಬೀದಿ ಬೀದಿಯಲ್ಲೂ ಇರುವ ಪಸ್ತೆಲರಿಯಾಗಳು ನಮ್ಮ ಬೆಂಗಳೂರಿನ ದರ್ಶಿನಿಗಳಂತೆಯೇ: ಕೌಂಟರಿನ ಮುಂದೆ ನಿಂತು ಕುಡಿಯುವುದು, ಪಕ್ಕದವನ ಮೊಣಕೈ ತಾಗಿದರೂ ಕೋಪವಿಲ್ಲದಿರುವುದು, ಗಡಿಬಿಡಿಯಲ್ಲೂ ಎರಡು ಮಾತು ರಾಜಕೀಯ. ಬೀಕ ಎಂದರೆ ಒಂದೇ ಗುಟುಕಿನ ಕಹಿ ಕಾಫಿ. ಹಾಲು ಬೇಕೆನ್ನುವ ನಮ್ಮಂಥವರಿಗೆ ಗಲಾವ್ ಇದೆ, ಉದ್ದನೆಯ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಮೊಟ್ಟೆಯ ಹೂರಣದ ಪಸ್ತೆಲ್ ದ ನಾತಗಳ ಪಕ್ಕ ಒಂದು ತಟ್ಟೆ ತುಂಬ ತ್ರಿಕೋನಾಕಾರದ್ದೇನೋ ಕಂಡಿತು. ಸಮೋಸ! ಕಣ್ಣನ್ನು ನಂಬಲಿಲ್ಲ. ಶಮೂಸ ಎಂದು ಬೋರ್ಡಿತ್ತು. ಗೋವೆಯವರ ಜೊತೆ ಬಂದು ಇಲ್ಲಿಯ ತಿಂಡಿಯೇ ಆಗಿಹೋಗಿದೆ, ಯಾರೂ ಅದನ್ನು ವಿದೇಶಿ ಎನ್ನುವುದಿಲ್ಲ. ಬಾಯಲ್ಲಿ ನೀರೂರಿ ಕೇಳಿದರೆ ಒಳಗಿರುವುದು ದನದ ಮಾಂಸ. ಮೊಟ್ಟೆಯವರೆಗೆ ನಾನು ಮಡಿ ಬಿಟ್ಟಿದ್ದೇನೆ, ಅದರಾಚೆಗೆ ಧೈರ್ಯ ಇಲ್ಲ. ಪಸ್ತೆಲ್ ತಿಂದೆ. ಬಿಸಿಬಿಸಿ, ಮೇಲೆ ದಾಲ್ಚಿನ್ನಿ ಪುಡಿ. ಇನ್ನೊಂದು ತಿಂದೆ.

ಅಲ್ಲಿಂದ ನದಿಯವರೆಗೆ ಬೈಶಾ, ಅಂದರೆ ತಗ್ಗಿನ ಪೇಟೆ. ಇದ್ದಕ್ಕಿದ್ದಂತೆ ರಸ್ತೆಗಳೆಲ್ಲ ನೆಟ್ಟಗಾಗುತ್ತವೆ, ಮನೆಗಳೆಲ್ಲ ಒಂದೇ ಎತ್ತರ, ಕಿಟಕಿಗಳೆಲ್ಲ ಒಂದೇ ಅಳತೆ. ಕಾಲಿಗೆ ಇಲ್ಲಿ ಬೇಸರ, ತಲೆಗೆ ಕೆಲಸ. 1755ರ ನವೆಂಬರ್ 1, ಎಲ್ಲ ಸಂತರ ಹಬ್ಬದ ದಿನ ಬೆಳಿಗ್ಗೆ ಜನ ಚರ್ಚುಗಳಲ್ಲಿ ಸೇರಿದ್ದಾಗ ಭೂಮಿ ನಡುಗಿತು. ತಪ್ಪಿಸಿಕೊಂಡು ಬಯಲೆಂದು ನದಿತೀರಕ್ಕೆ ಓಡಿದವರ ಮೇಲೆ ನೀರು ನುಗ್ಗಿತು. ಉಳಿದದ್ದನ್ನು ಹಬ್ಬದ ಮೇಣದ ಬತ್ತಿಗಳಿಂದ ಎದ್ದ ಬೆಂಕಿ ದಿನಗಟ್ಟಲೆ ಸುಟ್ಟಿತು. ಆಗ ಆಡಳಿತ ಕೈಗೆತ್ತಿಕೊಂಡ ಮಂತ್ರಿ ಮುಂದೆ ಮಾರ್ಕಿಸ್ ಪೊಂಬಾಲ್ ಎಂದು ಹೆಸರಾದ, ಊರಿನ ದೊಡ್ಡ ಪ್ರತಿಮೆಯೊಂದು ಅವನದೇ. ನನ್ನ ಮೆಚ್ಚುಗೆ ಮಾತ್ರ ಮನುಯೆಲ್ ದ ಮಾಯ ಎಂಬ ಮುದುಕನ ಮೇಲೆ. ಮುಖ್ಯ ಎಂಜಿನಿಯರು, ಆಗ ವಯಸ್ಸು 78. ರಾಜ್ಯದ ದಫ್ತರಗಳ ಪಾಲಕನೂ ಅವನೇ. ಕೋಟೆಯಲ್ಲಿದ್ದ ದಫ್ತರದ ಗೋಪುರ ಕುಸಿದಾಗ ಕಲ್ಲಿನ ರಾಶಿಯಡಿಯಿಂದ ಕಾಗದಪತ್ರಗಳನ್ನು ತೆಗೆಸಿ ಮರದ ಗುಡಿಸಿಲಿನಲ್ಲಿ ಇಡಿಸಿದ. ಆಮೇಲೆ ಕೂತು ಬರೆದ: ಊರನ್ನು ಇದ್ದ ಹಾಗೇ ಕಟ್ಟುವುದೇ, ರಸ್ತೆ ಅಗಲ ಮಾಡುವುದೇ, ಎಲ್ಲ ನೆಲಸಮ ಮಾಡಿ ಹೊಸ ನಕ್ಷೆ ಹಾಕುವುದೇ, ಅಥವಾ ಬೆಲೇಂ ಕಡೆಗೆ ಊರನ್ನೇ ಸಾಗಿಸುವುದೇ. ಒಂದೊಂದರ ಲಾಭನಷ್ಟವನ್ನೂ ಪಟ್ಟಿ ಮಾಡಿದ. ಹೊಸ ನಕ್ಷೆಯೇ ಗೆದ್ದಿತು. ಗೋಡೆಗಳ ಒಳಗೆ ಅಡ್ಡ ಉದ್ದ ಓರೆಯಾಗಿ ಮರದ ತೊಲೆ ಹೆಣೆದು ಪಂಜರ ಕಟ್ಟಿದರು, ನೆಲ ನಡುಗಿದರೆ ಕಲ್ಲು ಬಿದ್ದರೂ ಪಂಜರ ನಿಲ್ಲಲಿ ಎಂದು. ಮಾದರಿಯೊಂದನ್ನು ಕಟ್ಟಿ ಸುತ್ತ ಸೈನಿಕರಿಂದ ಕಾಲು ಅಪ್ಪಳಿಸಿ ನಡೆಸಿ ಪರೀಕ್ಷಿಸಿದರಂತೆ. ಇನ್ನು ರಾಜ ಜೋಸೆ, ಆತ ಕಲ್ಲಿನ ಕಟ್ಟಡಕ್ಕೆ ಹೆದರಿ ಉಳಿದ ಜೀವಮಾನವನ್ನೆಲ್ಲ ಅಜುಡಾದ ಗುಡ್ಡದ ಮೇಲೆ ಮರದ ಅರಮನೆಯಲ್ಲೇ ಕಳೆದ.

ಬೈಶಾ ಮುಗಿಯುವುದು ನದಿಯ ಕಡೆ ತೆರೆದುಕೊಂಡ ದೊಡ್ಡ ಚೌಕದಲ್ಲಿ. ಕಾಗದದಲ್ಲಿ ಅದರ ಹೆಸರು ವ್ಯಾಪಾರದ ಚೌಕ, ಜನರ ಬಾಯಲ್ಲಿ ಇವತ್ತಿಗೂ ತೆರೇರು ದು ಪಾಸು, ಅರಮನೆಯ ಅಂಗಳ. ಅರಮನೆ ಹೋಗಿ 270 ವರ್ಷ ಆಯಿತು, ಜನ ಬಿಟ್ಟಿಲ್ಲ. ಆ ಅರಮನೆಗೆ ಹೊಂದಿಕೊಂಡೇ ಇಂಡಿಯಾದ ಸರಕಿನ ಕಚೇರಿ ಇತ್ತು. ರಾಜನ ಮಲಗುವ ಕೋಣೆಗೂ ಮೆಣಸಿನ ಉಗ್ರಾಣಕ್ಕೂ ಹೆಚ್ಚು ದೂರವಿರಲಿಲ್ಲ, ಅದಕ್ಕೇ ಫ್ರಾನ್ಸಿನ ರಾಜ ಮನುಯೆಲನನ್ನು ಕಿರಾಣಿ ರಾಜ ಎಂದು ಹಂಗಿಸಿದನಂತೆ. ಮಲಬಾರಿನ ಮೆಣಸು ಬಂತು, ಹೊನ್ನಾವರ ಭಟ್ಕಳಗಳಿಂದ ನಮ್ಮ ಘಟ್ಟದ ಮೆಣಸೂ ಬಂತು. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ಇಟ್ಟ ಹೆಸರು ಮೆಣಸಿನ ರಾಣಿ. ಅವಳು ಅವರಿಗೆ ಮೆಣಸು ಮಾರಿದ್ದೂ ಉಂಟು, ಅವರ ಜೊತೆ ಕಾದಾಡಿದ್ದೂ ಉಂಟು. ಶರಾವತಿಯ ಮೇಲ್ಗಡೆ ಯಾವುದೋ ಬಳ್ಳಿಯಲ್ಲಿ ಹಣ್ಣಾದ ಕಾಳು ಇಷ್ಟು ದೂರ ಬಂದು ಈ ಅಂಗಳದಲ್ಲಿ ತೂಕವಾಗುತ್ತಿತ್ತು ಎಂದರೆ, ತೂಗಿದವರ ಮೇಲೆ ಸಿಟ್ಟಿದ್ದರೂ, ಆ ಕಾಳಿನ ಬಗ್ಗೆ ಹೆಮ್ಮೆ ಆಗದೆ ಇರುವುದಿಲ್ಲ.

ಚೌಕದಿಂದ ಎಡಕ್ಕೆ ಸ್ವಲ್ಪ ನಡೆದರೆ ಮೈತುಂಬ ಮುಳ್ಳೆದ್ದ ಮನೆ, ಕಾಝಾ ದುಸ್ ಬಿಕುಸ್. ಮುಂಗೋಡೆಯ ಒಂದೊಂದು ಕಲ್ಲನ್ನೂ ವಜ್ರದ ಹಾಗೆ ಮೊನಚಾಗಿ ಕಡೆದಿದ್ದಾರೆ. 1523ರಲ್ಲಿ ಕಟ್ಟಿಸಿದವನು ಬ್ರಾಸ್ ಡ ಅಲ್ಬುಕರ್ಕ್, ಗೋವೆ ಗೆದ್ದ ಅಫೊನ್ಸೊನ ಮಗ. 1510ರಲ್ಲಿ ಆ ಅಪ್ಪ ಹೊರಟಿದ್ದು ಕೆಂಪು ಸಮುದ್ರಕ್ಕೆ. ಗೋವೆಯ ಕಡೆ ತಿರುಗು, ಇದೇ ಸಮಯ ಎಂದು ಕಿವಿಯೂದಿದವನು ನಮ್ಮ ಹೊನ್ನಾವರದ ತಿಮ್ಮೋಜ. ಹಾಗಾಗಿ ಈ ಮುಳ್ಳುಮನೆಯ ಅಡಿಪಾಯದಲ್ಲಿ ಒಂದು ಕಲ್ಲು ನಮ್ಮವರದೂ ಇದೆ, ಹೇಳಿಕೊಳ್ಳುವಂಥದ್ದಲ್ಲ. ಭೂಕಂಪದಲ್ಲಿ ಮೇಲಿನ ಎರಡು ಅಂತಸ್ತು ಹೋಗಿದ್ದವು, 1980ರ ದಶಕದಲ್ಲಿ ಮತ್ತೆ ಕಟ್ಟಿದರು. ಈಗ ಅದು ಜೋಸೆ ಸರಮಾಗೊ ಪ್ರತಿಷ್ಠಾನ. ಭೂಹೀನ ರೈತರ ಮಗ, ಮೆಕ್ಯಾನಿಕ್ಕಾಗಿ ದುಡಿದವನು, ಕಡೆಯವರೆಗೂ ಕಮ್ಯುನಿಸ್ಟು, 1998ರ ಸಾಹಿತ್ಯದ ನೊಬೆಲ್ ಪಡೆದವನು. ಅವನ ಬೂದಿ ಎದುರಿಗಿರುವ ಆಲಿವ್ ಮರದ ಬುಡದಲ್ಲಿದೆ, ಮರ ಅವನ ಹಳ್ಳಿ ಅಝಿನ್ಯಾಗದಿಂದ ಕಿತ್ತು ತಂದದ್ದು. ದೊಡ್ಡವರ ಮನೆ ಸಣ್ಣವರ ಮಕ್ಕಳಿಗೆ ಹೀಗೆ ಸೇರುವುದಾದರೆ ಅಲ್ಬುಕರ್ಕ್ ಮನೆತನವನ್ನು ಅರ್ಧ ಕ್ಷಮಿಸಬಹುದು.

ಮಧ್ಯಾಹ್ನದ ಊಟಕ್ಕೆ ಹೊಕ್ಕ ಹೋಟೆಲಿನಲ್ಲಿ, ಕೇಳುವ ಮೊದಲೇ ಬ್ರೆಡ್ಡು, ಆಲಿವ್, ಬೆಣ್ಣೆ ತಂದಿಟ್ಟರು. ಉದಾರಿಗಳು ಎಂದುಕೊಳ್ಳಬೇಕಾಗಿಲ್ಲ. ಮುಟ್ಟಿದರೆ ಬಿಲ್ಲಿಗೆ ಬರುತ್ತದೆ, ಬೇಡವೆಂದರೆ ವಾಪಸು ಹೋಗುತ್ತದೆ, ದೇಶವಿಡೀ ಇದೇ ರಿವಾಜು. ಮುಟ್ಟಿದೆ. ಹಸಿರು ಸೊಪ್ಪಿನ ಸೂಪು ಚೆನ್ನಾಗಿ ಕಂಡಿತು, ಅದರ ಮೇಲೆ ಹಂದಿಯ ಸಾಸೇಜಿನ ಬಿಲ್ಲೆಯೊಂದು ತೇಲುತ್ತದೆ ಎಂದು ಪಕ್ಕದ ಮೇಜಿನಿಂದ ತಿಳಿಯಿತು. ಕೊನೆಗೆ ಆಮ್ಲೆಟ್ಟು. ಸಪ್ಪೆ. ಮೆಣಸಿನ ಪುಡಿ ಕೇಳಿದೆ. ಹುಡುಗ ಒಳಗೆಲ್ಲ ಹುಡುಕಿ, ಬೆರಳುಗುರಿನಷ್ಟು ಅಗಲದ ಕಾಗದದ ಪೊಟ್ಟಣ ತಂದುಕೊಟ್ಟ. ಒಡೆದರೆ ಒಂದು ಚಿಟಿಕೆ ಬೂದುಬಣ್ಣದ ಪುಡಿ, ಘಾಟಿಲ್ಲ. ಗೇರುಸೊಪ್ಪೆಯ ಮೂಟೆಗಳು ಇಳಿದ ಜಾಗದಿಂದ ನಾನು ಆಗ ಕೂಗಳತೆಯ ದೂರದಲ್ಲಿದ್ದೆ.

ಆಲ್ಫಾಮಾ ಹತ್ತುವಾಗ ಕಾಲಿಗೆ ಮತ್ತೆ ಖುಷಿ. ಭೂಕಂಪದಲ್ಲಿ ಬಹುಮಟ್ಟಿಗೆ ಉಳಿದುಕೊಂಡ ಕೇರಿ ಇದು, ಮನುಯೆಲ್ ದ ಮಾಯನ ಅಳತೆಪಟ್ಟಿ ಇಲ್ಲಿಗೆ ಬಂದಿಲ್ಲ. ಮೆಟ್ಟಿಲು ಹತ್ತಿ ತಿರುಗಿದರೆ ಇನ್ನೊಂದು ಮೆಟ್ಟಿಲು, ಅದನ್ನು ಹತ್ತಿದರೆ ಯಾರದೋ ಅಡುಗೆಮನೆಯ ಬಾಗಿಲು. ತಲೆಯ ಮೇಲೆ ಒಗೆದ ಬಟ್ಟೆ ತೊಟ್ಟಿಕ್ಕುತ್ತಿರುತ್ತದೆ. ಫೋನಿನ ನಕ್ಷೆಯ ನೀಲಿ ಚುಕ್ಕೆ ಮೂರು ಬೀದಿಗಳ ನಡುವೆ ಯಾವುದೆಂದು ತಿಳಿಯದೆ ಒದ್ದಾಡುತ್ತದೆ. ಮೇಲೆ ಸಾಂತಾ ಲುಝೀಯಾ ಚರ್ಚಿನ ಪಕ್ಕ ಬೋಗನ್‌ವಿಲ್ಲಾ ಚಪ್ಪರದ ಜಗಲಿ. ಕೆಳಗೆ ಕೆಂಪು ಹೆಂಚು, ಆಚೆ ತೇಜು ನದಿ, ಸಮುದ್ರದಷ್ಟು ಅಗಲ. ಎಲ್ಲರೂ ಆ ಕಡೆ ಮುಖ ಮಾಡಿ ಫೋಟೊ ತೆಗೆಯುತ್ತಿದ್ದರು. ಅವರ ಬೆನ್ನ ಹಿಂದೆ, ಚರ್ಚಿನ ಗೋಡೆಯ ಮೇಲೆ ನೀಲಿ ಬಿಳಿ ಹೆಂಚಿನ ದೊಡ್ಡ ಚಿತ್ರ ಇದೆ: ತೆರೇರು ದು ಪಾಸು, ಭೂಕಂಪಕ್ಕೆ ಮೊದಲು. ಅರಮನೆ, ಗೋಪುರ, ದಡದಲ್ಲಿ ದೋಣಿಗಳು. ಬೆಳಿಗ್ಗೆ ನಾನು ಸವೆಸಿದ ಅಂಗಳ, ಅದರಲ್ಲಿ ಈಗ ಇಲ್ಲದ್ದೆಲ್ಲ ಇದೆ. ಒಂದೊಂದು ಹೆಂಚಿಗೂ ಮೂಗು ತಾಗಿಸಿ ನೋಡಿದೆ. ಹಿಂದೆ 28ನೇ ನಂಬರಿನ ಹಳದಿ ಟ್ರಾಮು ಉಪ್ಪಿನಕಾಯಿ ತುಂಬಿದಂತೆ ಜನರನ್ನು ತುಂಬಿಕೊಂಡು ಕಿರುಗುಟ್ಟುತ್ತ ಹೋಯಿತು.

ಮೂರು ಗಂಟೆ ಯಾವಾಗ ಆಯಿತೋ, ಐದೂವರೆಯೂ ಆಗಿತ್ತು. ಗುಡ್ಡದ ಹಿಂಬದಿಯಿಂದ ಇಳಿದರೆ ಮೌರಾರಿಯ, ಅದರ ಬುಡದಲ್ಲಿ ಮಾರ್ತಿಂ ಮೊನೀಸ್ ಚೌಕ. ಬಾಂಗ್ಲಾದೇಶದವರು, ನೇಪಾಳದವರು, ಪಂಜಾಬಿಗಳು, ಚೀಣರು, ಎಲ್ಲರ ಅಂಗಡಿಗಳೂ ಇಲ್ಲಿವೆ. ಗೋವಾ ಮೂಲದ ಅಂತೋನಿಯೊ ಕೋಸ್ತ ಮೇಯರ್ ಆಗಿದ್ದಾಗ 2011ರಲ್ಲಿ ತನ್ನ ಕಚೇರಿಯನ್ನೇ ಈ ಮಗ್ಗುಲಿನ ಇಂತೆಂದೆಂತಿಗೆ ಸಾಗಿಸಿದ್ದ. ಸಭ್ಯರು ಕಾಲಿಡುವುದಿಲ್ಲ ಎನ್ನುತ್ತಿದ್ದ ಕೇರಿಗೆ ಜನ ಬರಲಿ ಎಂದು. ಆಮೇಲೆ ದೇಶದ ಪ್ರಧಾನಿಯೂ ಆದ.

ಒಂದು ಕಿರಾಣಿ ಅಂಗಡಿಗೆ ನುಗ್ಗಿದೆ. ಸಿಲ್ಹೆಟ್ ಕಡೆಯ ಹುಡುಗ ಗಲ್ಲಾದಲ್ಲಿದ್ದ. ನಾನು ಬೆಂಗಳೂರು ಎಂದದ್ದೇ "ಕೊಹ್ಲಿ!" ಎಂದ. ಇಡೀ ದಿನ ಯಾರ ಜೊತೆಯೂ ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ, ಹರಕು ಹಿಂದಿಯಲ್ಲಿ ಇಬ್ಬರೂ ಐದು ನಿಮಿಷ ಕ್ರಿಕೆಟ್ ಮಾತಾಡಿದೆವು. ಆಮೇಲೆ ಕಾಳುಮೆಣಸು ಕೇಳಿದೆ. ತೆಗೆದುಕೊಟ್ಟ. ಪ್ಯಾಕೆಟ್ಟು ತಿರುಗಿಸಿ ನೋಡಿದರೆ ವಿಯೆಟ್ನಾಮಿನದು.

"ಇಂಡಿಯಾದ್ದು ಇಲ್ಲವಾ?"

"ಅದು ದುಬಾರಿ, ಯಾರೂ ಕೊಳ್ಳಲ್ಲ. ಕರಿಬೇವು ಬೇಕಾ? ಇವತ್ತೇ ಬಂದದ್ದು."

ರೂಮಿನಲ್ಲಿ ಒಲೆ ಇಲ್ಲ ಎಂದೆ.

"ಮತ್ತೆ ಮೆಣಸು ಯಾಕೆ?" ಎಂದ.

ಉತ್ತರವೇನೋ ಇತ್ತು, ಆದರೆ 1498ರಿಂದ ಶುರು ಮಾಡಬೇಕಾಗಿತ್ತು, ಹಿಂದೆ ಹಾಲಿನ ಡಬ್ಬ ಹಿಡಿದ ಹೆಂಗಸೊಬ್ಬರು ಕಾಯುತ್ತಿದ್ದರು.